ಆರ್‌ಎನ್‌ಎ ತುಂಡುಗಳ ಎರಡನೇ ಕೆಲಸ

ಇದು ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಓದುವುದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಜೀವಕೋಶದಿಂದ ಆರ್‌ಎನ್‌ಎ ತೆಗೆದು ಜೆಲ್ ಮೇಲೆ, ಅಂದರೆ ಅಣುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ಲಿಯಂಥ ಹಾಳೆಯ ಮೇಲೆ, ಓಡಿಸಿದರೆ ದೊಡ್ಡ ಅಣುಗಳು ಮೇಲೆಯೇ ಉಳಿಯುತ್ತವೆ, ಚಿಕ್ಕವು ಕೆಳಗಿಳಿಯುತ್ತವೆ. ಮೇಲುಗಡೆ, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎಯ ಎರಡು ದಪ್ಪ ಪಟ್ಟೆ. ತುಂಬಾ ಕೆಳಗೆ ಟಿ-ಆರ್‌ಎನ್‌ಎಯ ಪಟ್ಟೆ. ಅದಕ್ಕೂ ಕೆಳಗೆ ಮಸುಕು ಮಸುಕಾಗಿ ಇನ್ನೊಂದಿಷ್ಟು ಕಾಣುತ್ತದೆ. ದಶಕಗಳ ಕಾಲ ಆ ಮಸುಕನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆರ್‌ಎನ್‌ಎ ಒಡೆದುಹೋಗಿದೆ, ಸ್ಯಾಂಪಲ್ ಕೆಟ್ಟಿದೆ ಅಂತ ಬಿಟ್ಟುಬಿಡುತ್ತಿದ್ದರು. ಎಷ್ಟೋ ಸಲ ಅದು ನಿಜವೂ ಆಗಿತ್ತು. ಆರ್‌ಎನ್‌ಎ ತುಂಬಾ ಬೇಗ ಹಾಳಾಗುವ ಅಣು. ಕೈಬೆರಳಿನ ಬೆವರು ತಾಕಿದರೂ ಸಾಕು, ಅದರಲ್ಲಿರುವ ಕಿಣ್ವ ಅದನ್ನು ಚೂರು ಮಾಡುತ್ತದೆ.

ಆದರೆ ಆ ಮಸುಕಿನೊಳಗೆ ಕೆಲವು ತುಂಡುಗಳು ಪ್ರತಿ ಸಲವೂ ಅದೇ ಉದ್ದದಲ್ಲಿ, ಅದೇ ಜಾಗದಲ್ಲಿ ಕತ್ತರಿಸಿಕೊಂಡು ಬರುತ್ತಿದ್ದವು. ಸುಮ್ನೆ ಒಡೆದ ವಸ್ತು ಹಾಗೆ ಒಡೆಯುವುದಿಲ್ಲ, ಅಲ್ವಾ? ಇವತ್ತು ನಾನು ಮಾತಾಡಬೇಕೆಂದಿರುವುದು ಆ ತುಂಡುಗಳ ಬಗ್ಗೆ. ಅವು ಎಲ್ಲಿಂದ ಬರುತ್ತವೆ, ಯಾರು ಕತ್ತರಿಸುತ್ತಾರೆ, ಕತ್ತರಿಸಿದ ಮೇಲೆ ಏನು ಮಾಡುತ್ತವೆ.

ಮೊದಲು ಸ್ವಲ್ಪ ಹಿನ್ನೆಲೆ. ಇದು ಗೊತ್ತಿದ್ದವರು ಒಂದೆರಡು ನಿಮಿಷ ತಾಳ್ಮೆ ಇಟ್ಟುಕೊಳ್ಳಿ.

ಡಿಎನ್‌ಎ ಮಾಹಿತಿ ಪ್ರೋಟೀನ್ ಆಗಬೇಕಾದರೆ ನಡುವೆ ಮೆಸೆಂಜರ್ ಆರ್‌ಎನ್‌ಎ ಇರಬೇಕು ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಜೀವಕೋಶದ ಒಟ್ಟು ಆರ್‌ಎನ್‌ಎಯಲ್ಲಿ ಮೆಸೆಂಜರಿನ ಪಾಲು ತೀರಾ ಕಮ್ಮಿ, ಶೇಕಡ 5ರ ಆಸುಪಾಸು. ಉಳಿದದ್ದೆಲ್ಲ ಪ್ರೋಟೀನಿನ ಸಂಕೇತ ಹೊರದ ಆರ್‌ಎನ್‌ಎ. ರೈಬೋಸೋಮನ್ನು ಕಟ್ಟುವ ಆರ್‌ಎನ್‌ಎ, ಅಮೈನೋ ಆಮ್ಲಗಳನ್ನು ಹೊತ್ತು ತರುವ ಟಿ-ಆರ್‌ಎನ್‌ಎ, ಬೇರೆ ಆರ್‌ಎನ್‌ಎಗಳ ಅಕ್ಷರಗಳಿಗೆ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಅನ್ನುತ್ತೇನೆ) ರಾಸಾಯನಿಕ ಗುರುತು ಹಾಕಿಸುವ ಸ್ನೋ-ಆರ್‌ಎನ್‌ಎ, ಹೀಗೆ.

1993ರಲ್ಲಿ ಈ ಪಟ್ಟಿಗೆ ಹೊಸದೊಂದು ಸೇರಿತು. ಸಿ. ಎಲೆಗನ್ಸ್ ಅನ್ನುವ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಲಿನ್-4 ಅನ್ನುವ ಜೀನ್ ಪ್ರೋಟೀನನ್ನೇ ಮಾಡುವುದಿಲ್ಲ, ಅದರ ಕೊನೆಯ ಸರಕು ಬರೀ 22 ಅಕ್ಷರದ ಒಂದು ಆರ್‌ಎನ್‌ಎ ಅಂತ ವಿಕ್ಟರ್ ಆಂಬ್ರೋಸ್, ರೋಸಲಿಂಡ್ ಲೀ, ರೋಂಡಾ ಫೈನ್‌ಬಾಮ್ ತೋರಿಸಿದರು. ಆ ಪುಟ್ಟ ಆರ್‌ಎನ್‌ಎ ಇನ್ನೊಂದು ಜೀನಿನ ಮೆಸೆಂಜರಿಗೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತದೆ ಅನ್ನುವುದನ್ನು ಗ್ಯಾರಿ ರವ್‌ಕುನ್ ಅವರ ಗುಂಪು ಜೊತೆಜೊತೆಗೇ ಹೇಳಿತು. ಇದೇ ಮೊದಲ ಮೈಕ್ರೊ ಆರ್‌ಎನ್‌ಎ. 2024ರಲ್ಲಿ ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ ನೊಬೆಲ್ ಬಂತು.

ನಮ್ಮ ದೇಹದಲ್ಲಿ ಮೈಕ್ರೊ ಆರ್‌ಎನ್‌ಎ ತಯಾರಾಗುವ ಮಾಮೂಲಿ ದಾರಿ ಹೀಗಿದೆ. ಒಂದು ಉದ್ದನೆಯ ಆರ್‌ಎನ್‌ಎ ಹುಟ್ಟುತ್ತದೆ. ಅದರಲ್ಲಿ ಒಂದು ಭಾಗ ತನ್ನ ಮೇಲೇ ಮಡಚಿಕೊಂಡು ಹೇರ್‌ಪಿನ್ ಆಕಾರ ತಾಳುತ್ತದೆ. ಕೋಶಕೇಂದ್ರದೊಳಗೆ ಡ್ರೋಶಾ ಅನ್ನುವ ಕಿಣ್ವ ಆ ಹೇರ್‌ಪಿನ್ನನ್ನು ಕತ್ತರಿಸಿ ತೆಗೆಯುತ್ತದೆ. ಅದು ಹೊರಗೆ ಬಂದ ಮೇಲೆ ಡೈಸರ್ ಅನ್ನುವ ಇನ್ನೊಂದು ಕಿಣ್ವ ಅದರ ತಲೆ ಹಾರಿಸಿ ಸುಮಾರು 22 ಅಕ್ಷರದ ಜೋಡಿಎಳೆ ಮಾಡುತ್ತದೆ. ಅದರಲ್ಲಿ ಒಂದು ಎಳೆಯನ್ನು ಆರ್ಗೊನಾಟ್ ಅನ್ನುವ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಆ ಎಳೆಗೆ ಹೊಂದುವ ಮೆಸೆಂಜರ್ ಸಿಕ್ಕಿದರೆ ಅದರ ಕೆಲಸ ನಿಲ್ಲುತ್ತದೆ. ಡ್ರೋಶಾ, ಡೈಸರ್, ಆರ್ಗೊನಾಟ್. ಈ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು.

ಈಗ ವಿಷಯಕ್ಕೆ ಬರುತ್ತೇನೆ.

2008ರಲ್ಲಿ ಜರ್ಮನಿಯ ಮ್ಯೂನಿಕ್ ಪಕ್ಕದ ಮಾರ್ಟಿನ್ಸ್‌ರೀಡ್‌ನಲ್ಲಿ, ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಗುಂಟರ್ ಮೈಸ್ಟರ್ ಅವರ ಪ್ರಯೋಗಾಲಯ ಒಂದು ನೇರವಾದ ಪ್ರಶ್ನೆ ಹಿಡಿಯಿತು. ಮನುಷ್ಯರ ಜೀವಕೋಶದಲ್ಲಿ ಆರ್ಗೊನಾಟ್ ಕೈಯಲ್ಲಿ ಯಾವ ಯಾವ ಆರ್‌ಎನ್‌ಎ ಇದೆ? ಆರ್ಗೊನಾಟನ್ನೇ ಆಂಟಿಬಾಡಿಯಿಂದ ಹಿಡಿದು ಎಳೆದು, ಅದರ ಜೊತೆ ಬಂದ ಪುಟ್ಟ ಆರ್‌ಎನ್‌ಎಗಳನ್ನೆಲ್ಲ ಓದಿಸಿದರು. ಬಹುಪಾಲು ಮೈಕ್ರೊ ಆರ್‌ಎನ್‌ಎಗಳೇ ಇದ್ದವು. ಅವುಗಳ ನಡುವೆ ಕೆಲವು ತುಂಡುಗಳ ವಿಳಾಸ ಮಾತ್ರ ಬೇರೆ ಇತ್ತು. ಅವು ಸ್ನೋ-ಆರ್‌ಎನ್‌ಎಗಳಿಂದ ಬಂದಿದ್ದವು. ಅದರಲ್ಲೂ ಎಸಿಎ45 ಅನ್ನುವ ಒಂದರಿಂದ.

ಸ್ನೋ-ಆರ್‌ಎನ್‌ಎ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕೋಶಕೇಂದ್ರದೊಳಗೆ ನ್ಯೂಕ್ಲಿಯೋಲಸ್ ಅಂತ ಒಂದು ಜಾಗ ಇದೆ. ರೈಬೋಸೋಮ್ ಕಟ್ಟುವ ಕೆಲಸ ಶುರುವಾಗುವುದು ಅಲ್ಲಿ. ಸ್ನೋ-ಆರ್‌ಎನ್‌ಎಗಳು ಹೆಚ್ಚಾಗಿ ಅಲ್ಲಿರುತ್ತವೆ. ಅವುಗಳಲ್ಲಿ ಎರಡು ಮುಖ್ಯ ಬಗೆ, ಸಿ/ಡಿ ಮತ್ತು ಎಚ್/ಎಸಿಎ. ಎರಡನೇ ಬಗೆಯದು ಸುಮಾರು 120ರಿಂದ 140 ಅಕ್ಷರ ಉದ್ದ. ಅದರಲ್ಲಿ ಅಕ್ಕಪಕ್ಕ ಎರಡು ಹೇರ್‌ಪಿನ್‌ಗಳು, ನಡುವೆ ಒಂದು ಬಾಗುವ ಕೀಲು, ಕೊನೆಯಲ್ಲಿ ಒಂದು ಪುಟ್ಟ ಬಾಲ. ಬೇರೊಂದು ಆರ್‌ಎನ್‌ಎಯಲ್ಲಿ ಯಾವ ಯೂರಿಡಿನ್ ಅಕ್ಷರವನ್ನು ಸೂಡೋಯೂರಿಡಿನ್ ಅನ್ನುವ ಬದಲಾದ ರೂಪಕ್ಕೆ ತಿರುಗಿಸಬೇಕು ಅಂತ ತೋರಿಸುವುದು ಇದರ ಮೂಲ ಕೆಲಸ. ಎಸಿಎ45 ಆ ಕೆಲಸವನ್ನು ಯು2 ಅನ್ನುವ ಆರ್‌ಎನ್‌ಎ ಮೇಲೆ ಮಾಡಿಸುತ್ತದೆ.

ಎರಡು ಹೇರ್‌ಪಿನ್ ಅಂದೆ. ಅಲ್ಲಿಯೇ ಇರುವುದು ಗುಟ್ಟು.

ಮೈಸ್ಟರ್ ಗುಂಪು ಡ್ರೋಶಾ ಮತ್ತು ಅದರ ಜೊತೆಗಾರ ಪ್ರೋಟೀನ್ ಇಲ್ಲದೆಯೇ ಎಸಿಎ45ರ ತುಂಡು ತಯಾರಾಗುತ್ತದೆ ಅಂತ ತೋರಿಸಿತು. ಡೈಸರ್ ಮಾತ್ರ ಬೇಕೇ ಬೇಕು. ಅಂದರೆ ಈ ಆರ್‌ಎನ್‌ಎ ಮೈಕ್ರೊ ಆರ್‌ಎನ್‌ಎಯ ದಾರಿಗೆ ಅರ್ಧದಿಂದ ಸೇರಿಕೊಳ್ಳುತ್ತದೆ. ಆಮೇಲೆ ಆ ತುಂಡು ಸುಮ್ನೆ ಆರ್ಗೊನಾಟ್ ಕೈಯಲ್ಲಿ ಕೂತಿಲ್ಲ, ಸಿಡಿಸಿ2ಎಲ್6 ಅನ್ನುವ ಜೀನಿನ ಮೆಸೆಂಜರನ್ನು ಹತ್ತಿಕ್ಕುತ್ತದೆ ಅಂತಲೂ ತೋರಿಸಿದರು. ಈ ಕೊನೆಯ ಹೆಜ್ಜೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅದೇ ವರ್ಷ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಇನ್ನೊಂದು ಸುದ್ದಿ ಬಂತು. ಈ ಸಲದ ಜೀವಿ ಜಿಯಾರ್ಡಿಯಾ. ಕೆಟ್ಟ ನೀರು ಕುಡಿದಾಗ ಬರುವ ಭೇದಿಯ ಕಾರಣಗಳಲ್ಲಿ ಇದೂ ಒಂದು. ಡಾಕ್ಟರು ಮೆಟ್ರೊನಿಡಾಜೋಲ್ ಬರೆದುಕೊಡುವ ಕಾಯಿಲೆಗಳಲ್ಲಿ ಇದು ಇರುತ್ತದೆ. 1681ರಲ್ಲಿ ಲೀವೆನ್‌ಹುಕ್ ತಮ್ಮದೇ ಮಲವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಈಜಾಡುತ್ತಿದ್ದದ್ದು ಇದೇ ಜೀವಿ ಅಂತ ಹೇಳುತ್ತಾರೆ. ಒಂದೇ ಜೀವಕೋಶ, ಅದರಲ್ಲಿ ಎರಡು ಕೋಶಕೇಂದ್ರ. ತೀರಾ ಕಡಿಮೆ ಸಾಮಾನಿನಲ್ಲಿ ಸಂಸಾರ ಮಾಡುವ ಜೀವಿ ಅದು. ಡೈಸರ್ ಇದೆ, ಆರ್ಗೊನಾಟ್ ಇದೆ. ಡ್ರೋಶಾ ಇಲ್ಲವೇ ಇಲ್ಲ.

ಡ್ರೋಶಾ ಇಲ್ಲದ ಜೀವಿಗೆ ಮೈಕ್ರೊ ಆರ್‌ಎನ್‌ಎ ಎಲ್ಲಿಂದ ಬರಬೇಕು? ಆಶೇಶ್ ಸರಯ್ಯ ಮತ್ತು ಚಿಂಗ್ ವಾಂಗ್ ಹುಡುಕಿದಾಗ ಸಿಕ್ಕಿದ್ದು 26 ಅಕ್ಷರದ ಒಂದು ಪುಟ್ಟ ಆರ್‌ಎನ್‌ಎ. ಅದರ ಮೂಲ ಒಂದು ಸ್ನೋ-ಆರ್‌ಎನ್‌ಎ. ಜಿಯಾರ್ಡಿಯಾದಲ್ಲಿ ಡೈಸರನ್ನು ಕಮ್ಮಿ ಮಾಡಿದಾಗ ಆ ತುಂಡೂ ಕಮ್ಮಿಯಾಯಿತು. ಮಿಂಚುಹುಳದಂಥ ಬೆಳಕು ಕೊಡುವ ಲೂಸಿಫರೇಸ್ ಜೀನಿನ ಬಾಲಕ್ಕೆ ಈ ತುಂಡು ಅಂಟಿಕೊಳ್ಳುವ ಜಾಗ ಜೋಡಿಸಿ ಪರೀಕ್ಷಿಸಿದಾಗ ಬೆಳಕು ಕುಗ್ಗಿತು.

ಈ ತುಂಡಿಗೆ ಅಲ್ಲಿ ಏನು ಕೆಲಸ? ಜಿಯಾರ್ಡಿಯಾ ತನ್ನ ಮೈಮೇಲೆ ಒಂದು ಪ್ರೋಟೀನಿನ ಹೊದಿಕೆ ಹೊದ್ದುಕೊಂಡಿರುತ್ತದೆ. ಇಂಥ ಹೊದಿಕೆಗಳಿಗೆ ಅದರ ಬಳಿ 200ರ ಹತ್ತಿರ ಜೀನುಗಳಿವೆ. ಒಂದು ಹೊತ್ತಿಗೆ ಒಂದನ್ನು ಮಾತ್ರ ತೋರಿಸುತ್ತದೆ. ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದಕ್ಕೆ ಬದಲಾಯಿಸುತ್ತದೆ. ಸ್ನೋ-ಆರ್‌ಎನ್‌ಎಯಿಂದ ಬಂದ ಈ ತುಂಡು ಅಂಟಿಕೊಳ್ಳಬಲ್ಲ ಜಾಗಗಳು ಆ ಹೊದಿಕೆ ಜೀನುಗಳ ಮೆಸೆಂಜರುಗಳಲ್ಲಿ ಕಂಡವು. 2008ರಲ್ಲೇ ಅರ್ಜೆಂಟೀನಾದ ಕೊರ್ಡೋಬಾದಲ್ಲಿ ಊಗೋ ಲುಹಾನ್ ಅವರ ಗುಂಪು ಬೇರೆ ದಿಕ್ಕಿನಿಂದ ಬಂದು, ಜಿಯಾರ್ಡಿಯಾದ ಆರ್‌ಎನ್‌ಎ ಕತ್ತರಿಸುವ ಯಂತ್ರವನ್ನು ಕೆಡಿಸಿದರೆ ಒಂದೇ ಜೀವಕೋಶ ಹಲವು ಹೊದಿಕೆಗಳನ್ನು ಒಟ್ಟಿಗೇ ತೋರಿಸಿಬಿಡುತ್ತದೆ ಅಂತ ಕಂಡುಕೊಂಡಿತು. 2010ರಲ್ಲಿ ಅಂಥ ಜಿಯಾರ್ಡಿಯಾವನ್ನೇ ಲಸಿಕೆಯ ಹಾಗೆ ಜರ್ಬಿಲ್ ಇಲಿಗಳಿಗೆ ಕೊಟ್ಟಾಗ ಮುಂದಿನ ಸೋಂಕಿನಿಂದ ರಕ್ಷಣೆ ಸಿಕ್ಕಿತು. ಪರಾವಲಂಬಿಯ ವೇಷ ಬದಲಾಯಿಸುವ ಆಟದಲ್ಲಿ ಪುಟ್ಟ ಆರ್‌ಎನ್‌ಎಗಳಿಗೆ ಇಷ್ಟು ದೊಡ್ಡ ಪಾಲಿದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಡೈಸರ್ ಯಾಕೆ ಸ್ನೋ-ಆರ್‌ಎನ್‌ಎಯನ್ನು ಮುಟ್ಟಿತು? ಅದು ಬೇರೆ ಇಲಾಖೆಯ ಅಣು ಅಲ್ವಾ?

ಉತ್ತರಕ್ಕೆ ಡೈಸರನ್ನು ಹತ್ತಿರದಿಂದ ನೋಡಬೇಕು. ಡೈಸರಿನ ಪೂರ್ತಿ ಆಕಾರ ಸ್ಫಟಿಕದಲ್ಲಿ ಮೊದಲು ಕಂಡಿದ್ದು 2006ರಲ್ಲಿ, ಬರ್ಕ್ಲಿಯ ಜೆನಿಫರ್ ಡೌಡ್ನಾ ಅವರ ಪ್ರಯೋಗಾಲಯದಲ್ಲಿ. ಆ ಡೈಸರ್ ಜಿಯಾರ್ಡಿಯಾದ್ದೇ. ನಮ್ಮ ಡೈಸರ್ ದೊಡ್ಡದು, ಅದಕ್ಕೆ ಜೊತೆ ಅಂಗಗಳು ಜಾಸ್ತಿ. ಜಿಯಾರ್ಡಿಯಾದ್ದು ಚಿಕ್ಕದು, ಬರೀ ಮೂಲಭೂತ ಭಾಗಗಳಿರುವ ಕತ್ತರಿ. ಅದರ ಒಂದು ತುದಿಯಲ್ಲಿ ಆರ್‌ಎನ್‌ಎಯ ಕೊನೆಯನ್ನು ಹಿಡಿಯುವ ಒಂದು ಕುಳಿ ಇದೆ. ಇನ್ನೊಂದು ತುದಿಯಲ್ಲಿ ಕತ್ತರಿಸುವ ಎರಡು ಅಲಗು. ಎರಡರ ನಡುವಿನ ದೂರ 65 ಆಂಗ್‌ಸ್ಟ್ರಾಂ, ಅಂದರೆ 6.5 ನ್ಯಾನೋಮೀಟರ್. ಜೋಡಿಎಳೆ ಆರ್‌ಎನ್‌ಎಯಲ್ಲಿ ಅಷ್ಟು ದೂರಕ್ಕೆ 25 ಅಕ್ಷರ ಹಿಡಿಯುತ್ತವೆ. ಜಿಯಾರ್ಡಿಯಾದ ಡೈಸರ್ ಕತ್ತರಿಸಿ ಕೊಡುವ ತುಂಡುಗಳ ಉದ್ದವೂ ಅದೇ ಆಸುಪಾಸು, 25ರಿಂದ 27 ಅಕ್ಷರ. ಕತ್ತರಿಯೊಳಗೇ ಅಳತೆಗೋಲು ಕೂತಿದೆ.

ಅಂದರೆ ಡೈಸರ್ ಆರ್‌ಎನ್‌ಎಯ ಹೆಸರು ಕೇಳುವುದಿಲ್ಲ, ಕುಲ ಕೇಳುವುದಿಲ್ಲ. ತುದಿ ಸಿಕ್ಕಬೇಕು, ಆ ತುದಿಯಿಂದ ಮುಂದೆ ಜೋಡಿಎಳೆ ಇರಬೇಕು, ಅಷ್ಟೇ. ಸ್ನೋ-ಆರ್‌ಎನ್‌ಎಯ ಹೇರ್‌ಪಿನ್ನೂ ಹೇರ್‌ಪಿನ್ನೇ. ಟಿ-ಆರ್‌ಎನ್‌ಎ ಬೇರೆ ರೀತಿ ಮಡಚಿಕೊಂಡರೆ ಅದರಲ್ಲೂ ಹೇರ್‌ಪಿನ್ ಕಾಣಬಹುದು. ಸ್ನೋ-ಆರ್‌ಎನ್‌ಎ, ಟಿ-ಆರ್‌ಎನ್‌ಎ, ಮೈಕ್ರೊ ಆರ್‌ಎನ್‌ಎ ಅಂತ ಪೆಟ್ಟಿಗೆಗಳಲ್ಲಿ ಹಾಕಿ ಬೀಗ ಜಡಿದವರು ನಾವು. ಜೀವಕೋಶಕ್ಕೆ ಆ ಪೆಟ್ಟಿಗೆಗಳು ಗೊತ್ತಿಲ್ಲ. ಇವತ್ತಿನ ಮಾತಿನಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿಸ್ತರಣೆ.

2009ರಲ್ಲಿ ಆಸ್ಟ್ರೇಲಿಯಾದ ಜಾನ್ ಮ್ಯಾಟಿಕ್ ಅವರ ಗುಂಪು ಬೇರೆ ಬೇರೆ ಪ್ರಾಣಿಗಳು, ಅರಾಬಿಡಾಪ್ಸಿಸ್ ಗಿಡ ಮತ್ತು ಒಂದು ಬಗೆಯ ಯೀಸ್ಟ್, ಇವುಗಳ ಪುಟ್ಟ ಆರ್‌ಎನ್‌ಎ ಮಾಹಿತಿಯನ್ನು ಜಾಲಾಡಿತು. ಸ್ನೋ-ಆರ್‌ಎನ್‌ಎಯಿಂದ ಬರುವ ತುಂಡುಗಳು ಎಲ್ಲೆಡೆಯೂ ಇದ್ದವು. ಎಚ್/ಎಸಿಎ ಬಗೆಯವು ಹೆಚ್ಚಾಗಿ 20ರಿಂದ 24 ಅಕ್ಷರ ಉದ್ದ, ಸಿ/ಡಿ ಬಗೆಯವಕ್ಕೆ ಬೇರೆಯದೇ ಅಳತೆ. ಅದೇ ವರ್ಷ ಸ್ಕಾಟ್ಲೆಂಡಿನ ಡಂಡೀಯಿಂದ ಮಿಶೆಲ್ ಸ್ಕಾಟ್ ಮತ್ತು ಜೊತೆಗಾರರು ತಿರುಗಾಮುರುಗಾ ನೋಡಿದರು. ಮೈಕ್ರೊ ಆರ್‌ಎನ್‌ಎ ಅಂತ ಆಗಲೇ ಪಟ್ಟಿಯಲ್ಲಿರುವವುಗಳಲ್ಲಿ ಸ್ನೋ-ಆರ್‌ಎನ್‌ಎಯ ಗುರುತು ಉಳಿದಿರುವವು ಯಾವುವು? ಸಿಕ್ಕವು. ಮನುಷ್ಯರ ಮೈಕ್ರೊ ಆರ್‌ಎನ್‌ಎಗಳಾದ ಮಿರ್-664, ಮಿರ್-1291 ಎರಡೂ ಎಚ್/ಎಸಿಎ ಸ್ನೋ-ಆರ್‌ಎನ್‌ಎಗಳೊಳಗೇ ಕೂತಿವೆ.

ಇದು ವಿಕಾಸದ ಬಗ್ಗೆ ಒಂದು ಒಳ್ಳೆಯ ಊಹೆಗೆ ದಾರಿ ಮಾಡುತ್ತದೆ. ನಮ್ಮ ಜೀನೋಮಿನಲ್ಲಿ ಸ್ನೋ-ಆರ್‌ಎನ್‌ಎಗಳ ನಕಲುಗಳು ಬೇಕಾದಷ್ಟಿವೆ. ಜೀನೋಮಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ‘ಜಿಗಿಯುವ ಜೀನು’ಗಳ ಯಂತ್ರವೇ ಅವನ್ನು ನಕಲು ಮಾಡಿ ಬೇರೆ ಬೇರೆ ಕಡೆ ಅಂಟಿಸಿದೆ. ಮೂಲ ಪ್ರತಿ ತನ್ನ ಹಳೆಯ ಕೆಲಸ ಮಾಡಿಕೊಂಡಿರುತ್ತದೆ. ನಕಲಿಗೆ ಆ ಜವಾಬ್ದಾರಿ ಇಲ್ಲ. ಅದು ನಿಧಾನವಾಗಿ ಬದಲಾಗಬಹುದು, ಡೈಸರಿಗೆ ಇನ್ನೂ ಚೆನ್ನಾಗಿ ಹೊಂದಬಹುದು. ತಲೆಮಾರುಗಳು ಕಳೆದ ಮೇಲೆ ಅದನ್ನು ನೋಡಿದವರು ಮೈಕ್ರೊ ಆರ್‌ಎನ್‌ಎ ಅಂತಲೇ ಕರೆಯುತ್ತಾರೆ.

ಟಿ-ಆರ್‌ಎನ್‌ಎ ಕಥೆ ಇದಕ್ಕಿಂತ ದೊಡ್ಡದು, ಗೋಜಲೂ ಜಾಸ್ತಿ.

1965ರಲ್ಲಿ ರಾಬರ್ಟ್ ಹಾಲಿ ಮೊದಲ ಬಾರಿಗೆ ಒಂದು ಟಿ-ಆರ್‌ಎನ್‌ಎಯ ಎಲ್ಲ ಅಕ್ಷರಗಳನ್ನೂ ಓದಿದರು. ಅದು ಯೀಸ್ಟಿನಲ್ಲಿ ಅಲನೈನ್ ಅನ್ನುವ ಅಮೈನೋ ಆಮ್ಲ ಹೊರುವ ಟಿ-ಆರ್‌ಎನ್‌ಎ. 1968ರಲ್ಲಿ ಅವರ ಜೊತೆ ನೊಬೆಲ್ ಹಂಚಿಕೊಂಡವರು ಮಾರ್ಷಲ್ ನಿರೆನ್‌ಬರ್ಗ್ ಮತ್ತು ನಮ್ಮ ಹರಗೋವಿಂದ ಖೊರಾನಾ. ಖೊರಾನಾ ಅವರ ಗುಂಪು 1970ರಲ್ಲಿ ಅದೇ ಯೀಸ್ಟ್ ಅಲನೈನ್ ಟಿ-ಆರ್‌ಎನ್‌ಎಯ ಜೀನನ್ನು ರಾಸಾಯನಿಕವಾಗಿ ಕಟ್ಟಿತು. ಪ್ರಯೋಗಾಲಯದಲ್ಲಿ ಮನುಷ್ಯ ಕಟ್ಟಿದ ಮೊದಲ ಜೀನ್ ಅದು. ಅಲನೈನ್ ಟಿ-ಆರ್‌ಎನ್‌ಎಯ ಹೆಸರು ನೆನಪಿರಲಿ.

ಟಿ-ಆರ್‌ಎನ್‌ಎ ಬಹಳ ಗಟ್ಟಿಮುಟ್ಟಾದ ಅಣು. ಆದರೂ ಜೀವಕೋಶಕ್ಕೆ ಕಷ್ಟ ಬಂದಾಗ ಅದು ನಡುವಿನಲ್ಲಿ, ಮೆಸೆಂಜರಿನ ಮೂರಕ್ಷರದ ಪದವನ್ನು, ಅಂದರೆ ಕೋಡಾನನ್ನು, ಓದುವ ಕುಣಿಕೆಯಲ್ಲಿ, ತುಂಡಾಗುತ್ತದೆ. 2005ರಲ್ಲಿ ಟೆಟ್ರಾಹೈಮಿನಾ ಅನ್ನುವ ಏಕಕೋಶ ಜೀವಿಯನ್ನು ಉಪವಾಸ ಕೆಡವಿದಾಗ ಇದು ಕಂಡಿತು. ಆಮೇಲೆ ಯೀಸ್ಟು, ಗಿಡ, ಮನುಷ್ಯರ ಜೀವಕೋಶ, ಎಲ್ಲ ಕಡೆ ಕಂಡಿತು. ನಮ್ಮಲ್ಲಿ ಕತ್ತರಿಸುವುದು ಡೈಸರ್ ಅಲ್ಲ, ಆಂಜಿಯೋಜೆನಿನ್ ಅನ್ನುವ ಕಿಣ್ವ. ಮಾಮೂಲಿ ದಿನಗಳಲ್ಲಿ ಅದನ್ನು ಇನ್ನೊಂದು ಪ್ರೋಟೀನ್ ಕಟ್ಟಿಹಾಕಿರುತ್ತದೆ. ಬಿಸಿ ಜಾಸ್ತಿಯಾದಾಗ, ಆಕ್ಸಿಡೀಕರಣದ ಪೆಟ್ಟು ಬಿದ್ದಾಗ ಬಿಡುಗಡೆಯಾಗುತ್ತದೆ.

ಹಾಗೆ ಹುಟ್ಟಿದ ಅರ್ಧ ತುಂಡುಗಳು ಏನು ಮಾಡುತ್ತವೆ? ಬಾಸ್ಟನ್ನಿನ ಪಾವೆಲ್ ಇವಾನೊವ್ ಮತ್ತು ಪಾಲ್ ಆಂಡರ್ಸನ್ 2011ರಲ್ಲಿ ಒಂದೊಂದಾಗಿ ಪರೀಕ್ಷಿಸಿದರು. ಬಹಳಷ್ಟು ತುಂಡುಗಳು ಏನೂ ಮಾಡಲಿಲ್ಲ. ಅಲನೈನ್ ಮತ್ತು ಸಿಸ್ಟೀನ್ ಟಿ-ಆರ್‌ಎನ್‌ಎಗಳ ಮೊದಲರ್ಧ ಮಾತ್ರ ಪ್ರೋಟೀನ್ ತಯಾರಿಯನ್ನು ನಿಲ್ಲಿಸಿದವು. ಅವುಗಳ ಶುರುವಿನಲ್ಲಿ ಸಾಲಾಗಿ ನಾಲ್ಕೈದು ಜಿ ಅಕ್ಷರಗಳಿವೆ. ಆ ಜಿ ಸಾಲು ಕೆಡಿಸಿದರೆ ಆ ಶಕ್ತಿ ಹೋಗುತ್ತದೆ. ಪ್ರೋಟೀನ್ ಕಟ್ಟುವುದಕ್ಕೆ ಸಾಮಾನು ಹೊರುತ್ತಿದ್ದ ಅಣುವೇ, ತುಂಡಾದ ಮೇಲೆ, ಕಷ್ಟಕಾಲ ಬಂದಿದೆ, ಸದ್ಯಕ್ಕೆ ಕೆಲಸ ನಿಲ್ಲಿಸಿ ಅಂತ ಹೇಳುತ್ತದೆ. ಇದಕ್ಕೆ ಆರ್ಗೊನಾಟ್ ಬೇಕಾಗಿಲ್ಲ, ದಾರಿಯೇ ಬೇರೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಪುಟ್ಟ ಆರ್‌ಎನ್‌ಎ ಅಂದ ಕೂಡಲೇ ಎಲ್ಲವನ್ನೂ ಮೈಕ್ರೊ ಆರ್‌ಎನ್‌ಎ ಲೆಕ್ಕದಲ್ಲಿ ನೋಡುವ ಅಭ್ಯಾಸ ನಮಗಿದೆ.

ಇನ್ನೂ ಚಿಕ್ಕ ತುಂಡುಗಳೂ ಇವೆ. 2009ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಅನಿಂದ್ಯ ದತ್ತ ಅವರ ಗುಂಪು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಇಂಥವನ್ನು ಪಟ್ಟಿ ಮಾಡಿತು. ಅದರಲ್ಲಿ ಒಂದು, ಸೆರೀನ್ ಟಿ-ಆರ್‌ಎನ್‌ಎ ತಯಾರಾಗುವಾಗ ಕತ್ತರಿಸಿ ಎಸೆಯುವ ಬಾಲ. ಕಸ ಅಂದುಕೊಂಡಿದ್ದ ಆ ಬಾಲವನ್ನು ಕಮ್ಮಿ ಮಾಡಿದರೆ ಕ್ಯಾನ್ಸರ್ ಕೋಶಗಳು ಹೆಚ್ಚುವುದೇ ಕುಗ್ಗಿತು. 2017ರಲ್ಲಿ ನ್ಯೂಯಾರ್ಕಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಿಂದ ಬಂದ ಕೆಲಸ ನನಗೆ ತುಂಬಾ ಇಷ್ಟವಾದದ್ದು. ನಮ್ಮ ಜೀನೋಮಿನೊಳಗೆ ಅಡಗಿರುವ ರೆಟ್ರೋವೈರಸ್ ಥರದ ಜಿಗಿಯುವ ಜೀನುಗಳು ತಮ್ಮ ನಕಲು ಶುರು ಮಾಡುವುದಕ್ಕೆ ನಮ್ಮದೇ ಟಿ-ಆರ್‌ಎನ್‌ಎಯ ತುದಿಯನ್ನು ಆಸರೆ ಮಾಡಿಕೊಳ್ಳುತ್ತವೆ. ಆ ತುದಿಯಿಂದಲೇ ಹುಟ್ಟುವ 18 ಅಕ್ಷರದ ತುಂಡು ಹೋಗಿ ಆಸರೆಯ ಜಾಗದಲ್ಲಿ ಕೂತು ನಕಲನ್ನು ತಡೆಯುತ್ತದೆ. 22 ಅಕ್ಷರದ ತುಂಡು ಮೈಕ್ರೊ ಆರ್‌ಎನ್‌ಎ ಹಾಗೆ ಅವುಗಳ ಮೆಸೆಂಜರನ್ನು ಅಡಗಿಸುತ್ತದೆ. ನಾಲ್ಕು ಅಕ್ಷರದ ವ್ಯತ್ಯಾಸ, ಎರಡು ಬೇರೆ ಬೇರೆ ತಂತ್ರ.

ವೀರ್ಯಾಣುವಿನ ವಿಷಯ ಪತ್ರಿಕೆಗಳಲ್ಲಿ ಬಹಳ ಬಂತು, ಅದಕ್ಕೇ ಹೇಳುತ್ತೇನೆ. 2016ರಲ್ಲಿ ಎರಡು ಗುಂಪುಗಳು ಗಂಡಿಲಿಗಳ ಊಟ ಬದಲಾಯಿಸಿ ನೋಡಿದವು. ಮ್ಯಾಸಚೂಸೆಟ್ಸ್‌ನಲ್ಲಿ ಪ್ರೋಟೀನ್ ಕಮ್ಮಿಯ ಊಟ, ಚೀನಾದಲ್ಲಿ ಕೊಬ್ಬು ಜಾಸ್ತಿಯ ಊಟ. ಎರಡರಲ್ಲೂ ವೀರ್ಯಾಣುವಿನ ಟಿ-ಆರ್‌ಎನ್‌ಎ ತುಂಡುಗಳ ಪ್ರಮಾಣ ಬದಲಾಯಿತು. ಕೊಬ್ಬು ತಿಂದ ಇಲಿಗಳ ಆ ತುಂಡುಗಳನ್ನು ಭ್ರೂಣಕ್ಕೆ ಚುಚ್ಚಿದಾಗ ಹುಟ್ಟಿದ ಮರಿಗಳಲ್ಲಿ ಸಕ್ಕರೆ ನಿಭಾಯಿಸುವ ಶಕ್ತಿ ಏರುಪೇರಾಯಿತು. ಇದು ಇಲಿಗಳಲ್ಲಿ ಕಂಡದ್ದು. ಅಪ್ಪ ತಿಂದ ಊಟ ಮಗುವಿಗೆ ಸಕ್ಕರೆ ಕಾಯಿಲೆ ತರುತ್ತದೆ ಅಂತ ಮನುಷ್ಯರಿಗೆ ಇದರಿಂದ ನೇರವಾಗಿ ಹೇಳಲು ಬರುವುದಿಲ್ಲ.

ಈಗ ಹೊಲಕ್ಕೆ ಹೋಗೋಣ. ಬೀದರ್, ಬೆಳಗಾವಿ, ಧಾರವಾಡದ ಕಡೆಯವರು ಇಲ್ಲಿದ್ದರೆ ಸೋಯಾ ಬಿತ್ತನೆ ನೋಡಿರುತ್ತೀರಿ. ಬಿತ್ತುವ ಮುಂಚೆ ಬೀಜಕ್ಕೆ ಬೆಲ್ಲದ ಅಂಟು ಪಾಕ ಸವರಿ, ರೈಜೋಬಿಯಂ ಪುಡಿ ಬೆರೆಸಿ, ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ. ಆ ಬ್ಯಾಕ್ಟೀರಿಯಾ ಬೇರಿನೊಳಗೆ ಹೋಗಿ, ಗಂಟು ಕಟ್ಟಿಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತವೆ. ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ.

2019ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜಿಯಾನ್‌ಶಿನ್ ಮಾ ಅವರ ಗುಂಪು ಸೋಯಾದ ಬೇರುಗಂಟಿನಲ್ಲಿ ಒಂದು ವಿಚಿತ್ರ ಕಂಡಿತು. ಬ್ಯಾಕ್ಟೀರಿಯಾದ ಟಿ-ಆರ್‌ಎನ್‌ಎಯ 21 ಅಕ್ಷರದ ತುಂಡುಗಳು ಗಿಡದ ಆರ್ಗೊನಾಟ್ ಮೇಲೆ ಕೂತಿದ್ದವು. ಬ್ಯಾಕ್ಟೀರಿಯಾಕ್ಕೆ ಈ ಬಗೆಯ ಆರ್‌ಎನ್‌ಎ ಅಡಗಿಸುವ ಯಂತ್ರ ಇಲ್ಲ. ಆದರೂ ಅದರ ತುಂಡುಗಳು ಗಿಡದ ಯಂತ್ರವನ್ನು ಬಳಸಿಕೊಂಡು ಗಿಡದ್ದೇ ಕೆಲವು ಜೀನುಗಳನ್ನು ಅಡಗಿಸುತ್ತಿದ್ದವು. ಆ ಜೀನುಗಳು ಬೇರುಕೂದಲು ಮತ್ತು ಬೇರಿನ ಬೆಳವಣಿಗೆಗೆ ಸಂಬಂಧಪಟ್ಟವು, ಗಂಟು ಹೆಚ್ಚಾಗದಂತೆ ತಡೆ ಹಾಕುವವು. ಸಂಶೋಧಕರು ಈ ತುಂಡುಗಳನ್ನು ಹೀರಿಕೊಳ್ಳುವ ನಕಲಿ ಗುರಿಗಳನ್ನು ಬೇರಿನಲ್ಲಿ ಮಾಡಿಸಿದರು. ಗಂಟುಗಳು ಕಮ್ಮಿಯಾದವು. ಬದಲಿಗೆ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಳಸಿ ಗಿಡದ ಆ ಜೀನುಗಳನ್ನೇ ಕೆಡಿಸಿದರು. ಗಂಟುಗಳು ಹೆಚ್ಚಾದವು. ಎರಡೂ ದಿಕ್ಕಿನಿಂದ ತಾಳೆ ಆಯಿತು. ಒಂದು ಜೀವಿಯ ಟಿ-ಆರ್‌ಎನ್‌ಎ ಚೂರು ಇನ್ನೊಂದು ಜೀವಿಯ ಜೀನನ್ನು ಆಳುತ್ತದೆ, ಅದೂ ಇಬ್ಬರಿಗೂ ಲಾಭವಾಗುವ ಸಂಬಂಧದಲ್ಲಿ. ಈ ಕ್ಷೇತ್ರದ ಅತ್ಯಂತ ಅಚ್ಚುಕಟ್ಟಾದ ಪ್ರಯೋಗಗಳಲ್ಲಿ ಇದೊಂದು ಅಂತ ನನ್ನ ಅಭಿಪ್ರಾಯ.

ಬೇರೆ ಮೂಲಗಳ ಬಗ್ಗೆ ಬೇಗ ಬೇಗ ಹೇಳಿಬಿಡುತ್ತೇನೆ. ವಾಲ್ಟ್ ಅನ್ನುವ ದೊಡ್ಡ ಕಣದೊಳಗಿನ ಆರ್‌ಎನ್‌ಎಯಿಂದಲೂ ಡೈಸರ್ ತುಂಡು ತೆಗೆಯುತ್ತದೆ, ಅದರಲ್ಲೊಂದು ಔಷಧಗಳನ್ನು ಕರಗಿಸುವ ಕಿಣ್ವವೊಂದರ ಜೀನನ್ನು ಹತ್ತಿಕ್ಕುತ್ತದೆ. ಎಚ್19 ಅನ್ನುವ ಉದ್ದನೆಯ ಆರ್‌ಎನ್‌ಎಯೊಳಗೆ ಮಿರ್-675 ಅಡಗಿದೆ, ಇಲಿಯ ಮಾಸು ಅತಿಯಾಗಿ ಬೆಳೆಯದ ಹಾಗೆ ಅದು ನೋಡಿಕೊಳ್ಳುತ್ತದೆ. ಗಿಡಗಳಲ್ಲಿ ಟ್ಯಾಸ್3 ಅನ್ನುವ ಆರ್‌ಎನ್‌ಎಯನ್ನು ಮೊದಲು ಒಂದು ಮೈಕ್ರೊ ಆರ್‌ಎನ್‌ಎ ಕತ್ತರಿಸುತ್ತದೆ. ಆಮೇಲೆ ಗಿಡ ಅದನ್ನು ಜೋಡಿಎಳೆ ಮಾಡಿ, 21 ಅಕ್ಷರಕ್ಕೊಂದರಂತೆ ಸಾಲಾಗಿ ತುಂಡರಿಸುತ್ತದೆ. ಎಲೆಯ ಮೇಲ್ಮೈ ಯಾವುದು, ಕೆಳಮೈ ಯಾವುದು ಅಂತ ತೀರ್ಮಾನವಾಗುವುದರಲ್ಲಿ ಆ ತುಂಡುಗಳಿಗೆ ಪಾಲಿದೆ. ಬ್ಯಾಕ್ಟೀರಿಯಾದಲ್ಲೂ ಉಂಟು. ಇ. ಕೋಲಿಯಲ್ಲಿ ಟಿ-ಆರ್‌ಎನ್‌ಎ ತಯಾರಾಗುವಾಗ ಉಳಿಯುವ ಒಂದು ಬಾಲ, ಬೇರೆ ಪುಟ್ಟ ಆರ್‌ಎನ್‌ಎಗಳನ್ನು ಹಿಡಿದಿಟ್ಟುಕೊಂಡು ಅವು ಬೇಡದಾಗ ಕೆಲಸ ಮಾಡದಂತೆ ತಡೆಯುತ್ತದೆ ಅಂತ 2015ರಲ್ಲಿ ಕೆನಡಾದ ಶೆರ್‌ಬ್ರೂಕ್‌ನಿಂದ ವರದಿಯಾಯಿತು.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಪ್ರತಿ ಚೂರಿಗೂ ಕೆಲಸ ಇದೆ ಅನ್ನಿಸಬಹುದು. ಇಲ್ಲ. ಇಲ್ಲಿ ತುಂಬಾ ಹುಷಾರಾಗಿರಬೇಕು.

ರೈಬೋಸೋಮಿನ ಆರ್‌ಎನ್‌ಎ, ಟಿ-ಆರ್‌ಎನ್‌ಎ ಎರಡೂ ಜೀವಕೋಶದಲ್ಲಿ ರಾಶಿ ರಾಶಿ ಇವೆ. ಅವು ಸವೆದು ಒಡೆದಾಗ ಚೂರುಗಳೂ ರಾಶಿ ರಾಶಿ ಬರುತ್ತವೆ. ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರದಲ್ಲಿ ಒಂದು ಚೂರು ಸಾವಿರ ಸಲ ಕಂಡ ಮಾತ್ರಕ್ಕೆ ಅದಕ್ಕೆ ಕೆಲಸ ಇದೆ ಅಂತಲ್ಲ. ಮೈಕ್ರೊ ಆರ್‌ಎನ್‌ಎಗಳ ಅಧಿಕೃತ ಪಟ್ಟಿಯಾದ ಮಿರ್‌ಬೇಸ್‌ನಲ್ಲೇ ಇಂಥ ಗೊಂದಲ ಆಗಿದೆ. ಮಿರ್-768 ಅಂತ ಹೆಸರು ಕೊಟ್ಟದ್ದು ಸ್ನೋ-ಆರ್‌ಎನ್‌ಎಯ ಭಾಗ ಅಂತ ತಿಳಿದ ಮೇಲೆ ಪಟ್ಟಿಯಿಂದ ತೆಗೆದರು. ಮಿರ್-720 ಟಿ-ಆರ್‌ಎನ್‌ಎಯ ಚೂರು ಅಂತ ಗೊತ್ತಾಗಿ ಅದನ್ನೂ ತೆಗೆದರು. ಅಷ್ಟರಲ್ಲಿ ಅವುಗಳ ಹೆಸರಿನಲ್ಲಿ ಎಷ್ಟೋ ಲೇಖನಗಳು ಅಚ್ಚಾಗಿದ್ದವು.

ಹಾಗಾದರೆ ನಂಬುವುದು ಯಾವಾಗ? ನಾನು ನೋಡುವುದು ಹೀಗೆ. ಆ ತುಂಡು ಪ್ರತಿ ಸಲ ಒಂದೇ ತುದಿಯಲ್ಲಿ ಕತ್ತರಿಸಿಕೊಂಡು ಬರುತ್ತದಾ? ಕತ್ತರಿಸುವ ಕಿಣ್ವವನ್ನು ತೆಗೆದರೆ ತುಂಡು ಕಾಣೆಯಾಗುತ್ತದಾ? ಆರ್ಗೊನಾಟ್ ಅಥವಾ ಬೇರೊಂದು ನಿರ್ದಿಷ್ಟ ಪ್ರೋಟೀನ್ ಅದನ್ನು ಹಿಡಿದಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಜೀವಕೋಶದಲ್ಲಿ ಸಹಜವಾಗಿ ಇರುವಷ್ಟೇ ಪ್ರಮಾಣದ ತುಂಡನ್ನು ತಡೆದರೆ ಏನಾದರೂ ಬದಲಾಗುತ್ತದಾ? ಎಸಿಎ45ರ ಕೆಲಸದಲ್ಲಿ ಕೊನೆಯ ಹೆಜ್ಜೆ ಮುಖ್ಯ ಅಂದದ್ದು ಇದಕ್ಕೇ. ಅವರು ತುಂಡು ಇದೆ ಅಂತ ಹೇಳಿ ನಿಲ್ಲಲಿಲ್ಲ, ಅದು ಯಾವ ಜೀನನ್ನು ಹತ್ತಿಕ್ಕುತ್ತದೆ ಅಂತಲೂ ತೋರಿಸಿದರು. ಬರೀ ಕೃತಕ ತುಂಡನ್ನು ರಾಶಿಗಟ್ಟಲೆ ಕೋಶಕ್ಕೆ ಸುರಿದು ಪರಿಣಾಮ ಕಂಡಿತು ಅನ್ನುವ ಲೇಖನಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ನಿಜವಾದ ತುಂಡುಗಳು ನಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಟಿ-ಆರ್‌ಎನ್‌ಎ ಮೈತುಂಬಾ ಮಿಥೈಲ್ ಗುರುತುಗಳಿರುತ್ತವೆ. ಓದುವ ಕಿಣ್ವ ಅಲ್ಲಿಗೆ ಬಂದು ಎಡವಿ ನಿಲ್ಲುತ್ತದೆ. ಆಂಜಿಯೋಜೆನಿನ್ ಕತ್ತರಿಸಿದ ತುದಿಯ ರಸಾಯನವೂ ಬೇರೆ, ಮಾಮೂಲಿ ವಿಧಾನದಲ್ಲಿ ಅದಕ್ಕೆ ಅಡಾಪ್ಟರ್, ಅಂದರೆ ಓದುವ ಮುಂಚೆ ತುದಿಗೆ ಜೋಡಿಸುವ ಪುಟ್ಟ ತುಣುಕು, ಅಂಟುವುದಿಲ್ಲ. 2015ರಿಂದೀಚೆಗೆ ಇ. ಕೋಲಿಯ ಆಲ್ಕ್‌ಬಿ ಅನ್ನುವ ಕಿಣ್ವದಿಂದ ಆ ಗುರುತುಗಳನ್ನು ಅಳಿಸಿ ಓದುವ ವಿಧಾನಗಳು ಬಂದವು. ಅವುಗಳಲ್ಲಿ ಓದಿದರೆ ಅದೇ ಸ್ಯಾಂಪಲ್‌ನಲ್ಲಿ ಟಿ-ಆರ್‌ಎನ್‌ಎ ತುಂಡುಗಳ ಪಾಲು ಎಷ್ಟೋ ಜಾಸ್ತಿ ಕಾಣುತ್ತದೆ. ಹಾಗಾಗಿ ಹಳೆಯ ಅಂಕಿಗಳನ್ನು ಓದುವಾಗ ಅವರು ಯಾವ ವಿಧಾನ ಬಳಸಿದ್ದರು ಅಂತ ಮೊದಲು ನೋಡಿ.

ಸಭೆಯ ಪ್ರಶ್ನೆಗಳು

‘ಟಿ-ಆರ್‌ಎನ್‌ಎಯನ್ನೇ ಕತ್ತರಿಸಿದರೆ ಅದರ ಅಸಲಿ ಕೆಲಸಕ್ಕೆ ಕೊರತೆ ಆಗುವುದಿಲ್ಲವಾ?’ ಅಂತ ಒಬ್ಬರು ಕೇಳಿದರು. ಸಾಮಾನ್ಯವಾಗಿ ಇಲ್ಲ. ಒತ್ತಡದಲ್ಲಿ ತುಂಡಾಗುವುದು ಒಟ್ಟು ಟಿ-ಆರ್‌ಎನ್‌ಎಯ ಸಣ್ಣ ಪಾಲು ಮಾತ್ರ. ಪೂರ್ತಿ ಉದ್ದದವು ಹೆಚ್ಚುಕಮ್ಮಿ ಅಷ್ಟೇ ಉಳಿದಿರುತ್ತವೆ. ಪ್ರೋಟೀನ್ ತಯಾರಿ ನಿಲ್ಲುವುದು ಟಿ-ಆರ್‌ಎನ್‌ಎ ಸಾಲದೆ ಅಲ್ಲ, ತುಂಡುಗಳ ಪ್ರಭಾವದಿಂದ.

‘ಇದರಿಂದ ಔಷಧ ಯಾವಾಗ?’ ಇದನ್ನು ಕೇಳಿದವರ ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದರು, ಹಾಗಾಗಿ ನೇರವಾಗಿಯೇ ಹೇಳಿದೆ. ಪುಟ್ಟ ಆರ್‌ಎನ್‌ಎಯನ್ನೇ ಔಷಧ ಮಾಡುವುದು ಆಗಲೇ ನಿಜವಾಗಿದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರನ್ ಅನ್ನುವ ಔಷಧ ಕೆಲಸ ಮಾಡುವುದು ನಮ್ಮದೇ ಆರ್ಗೊನಾಟ್ ಮೂಲಕ. ಆದರೆ ಅದು ಮನುಷ್ಯ ವಿನ್ಯಾಸ ಮಾಡಿದ ಅಣು. ಸ್ನೋ-ಆರ್‌ಎನ್‌ಎ ಅಥವಾ ಟಿ-ಆರ್‌ಎನ್‌ಎ ತುಂಡುಗಳನ್ನು ಗುರಿ ಮಾಡುವ ಔಷಧ ಇನ್ನೂ ರೋಗಿಗಳ ಕೈಗೆ ಬಂದಿಲ್ಲ. ಒಂದು ದೊಡ್ಡ ತೊಡಕು ಏನೆಂದರೆ, ತುಂಡಿಗೆ ಅಂಟುವ ಔಷಧ ಮೂಲ ಆರ್‌ಎನ್‌ಎಗೂ ಅಂಟಬಹುದು. ಅಕ್ಷರಗಳು ಅವೇ ತಾನೆ. ರೋಗ ಪತ್ತೆಗೆ ಇವು ಬೇಗ ಉಪಯೋಗಕ್ಕೆ ಬರಬಹುದು. ಕ್ಯಾನ್ಸರ್ ರೋಗಿಗಳ ಮೂತ್ರದಲ್ಲಿ ಟಿ-ಆರ್‌ಎನ್‌ಎಯ ಒಡೆದ ಭಾಗಗಳು ಜಾಸ್ತಿ ಇರುತ್ತವೆ ಅನ್ನುವುದನ್ನು 1970ರ ದಶಕದಲ್ಲೇ ಗಮನಿಸಿದ್ದರು.

ಕೊನೆಯ ಪ್ರಶ್ನೆ ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿನಿಯದು. ‘ನಮ್ಮ ಕಾಲೇಜಿನಲ್ಲಿ ಇಂಥ ಲ್ಯಾಬ್ ಇಲ್ಲ ಸರ್, ನಾನು ಏನಾದರೂ ಮಾಡಬಹುದಾ?’

ಖಂಡಿತ ಮಾಡಬಹುದಮ್ಮ. ಪುಟ್ಟ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಹಿತಿ ಸಾರ್ವಜನಿಕವಾಗಿ, ಪುಕ್ಕಟೆಯಾಗಿ ಸಿಗುತ್ತದೆ. ಬಹಳ ಜನ ಮೈಕ್ರೊ ಆರ್‌ಎನ್‌ಎಗಳನ್ನು ಮಾತ್ರ ಎಣಿಸಿ ಉಳಿದದ್ದನ್ನು ಬಿಟ್ಟಿರುತ್ತಾರೆ. ಆ ಉಳಿದದ್ದನ್ನು ನೀನು ತೆಗೆದುಕೋ. ಟಿ-ಆರ್‌ಎನ್‌ಎ ತುಂಡುಗಳಿಗೆ ಟಿಆರ್‌ಎಫ್‌ಡಿಬಿ ಮತ್ತು ಮಿಂಟ್‌ಬೇಸ್, ಸ್ನೋ-ಆರ್‌ಎನ್‌ಎಗಳಿಗೆ ಸ್ನೋಡಿಬಿ ಅನ್ನುವ ಪಟ್ಟಿಗಳಿವೆ. ತೊಗರಿ, ಶೇಂಗಾ, ರಾಗಿ, ಯಾವುದಾದರೂ ನಮ್ಮ ಬೆಳೆಯ ಮಾಹಿತಿ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿ ನೋಡಿದವರು ಕಮ್ಮಿ. ಒಂದು ಟಿ-ಆರ್‌ಎನ್‌ಎ ಆರಿಸಿಕೊಂಡು, ಅದರ ಉದ್ದಕ್ಕೂ ಯಾವ ಅಕ್ಷರದಲ್ಲಿ ಎಷ್ಟು ತುಂಡುಗಳು ಶುರುವಾಗುತ್ತವೆ ಅಂತ ಎಣಿಸಿ ಗ್ರಾಫ್ ಬರಿ. ಚೂರುಗಳು ಎಲ್ಲೆಂದರಲ್ಲಿ ಶುರುವಾಗಿದ್ದರೆ ಅದು ಸವೆತ. ಒಂದೇ ಜಾಗದಲ್ಲಿ ಎದ್ದು ನಿಂತಿದ್ದರೆ, ಅದೇ ಗಿಡದ ಬೇರೆ ಸ್ಯಾಂಪಲ್‌ನಲ್ಲೂ ಅದೇ ಜಾಗದಲ್ಲಿ ಎದ್ದಿದೆಯಾ ನೋಡು. ಎದ್ದಿದ್ದರೆ ಆ ಗ್ರಾಫ್ ಹಿಡಿದುಕೊಂಡು ಯಾವುದಾದರೂ ಪ್ರಯೋಗಾಲಯದ ಬಾಗಿಲು ತಟ್ಟು.